ಔಷಧಿ ಕಿಟಕಿ ಮುಂದಿನ ಪಾಳಿ (ಕ್ಯೂ) ಕರಗಿಸುವುದು ಹೇಗೆ? ಆಪರೇಷನಲ್ ರಿಸರ್ಚ್ ಬಗ್ಗೆ ತಿಳಿದವರು ಹೇಳಿ

ಗುಳಿಗೆ_ಕಿಟಕಿ (ಗದಗ ಜಿಲ್ಲೆ) ಕೇಳಿದ್ದು:

ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಸಿ ಅಧಿಕಾರಿ. ಊರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಮುಂಜಾನೆಯೇ ಫೋನ್ ಬರುತ್ತದೆ.

ತೊಂದರೆ ಹೊಸದೇನಲ್ಲ. ಪಾಳಿ. ಸಂತೆ ದಿನ ಅಂತೂ ಕೇಳಲೇಬೇಡಿ. ಹಳ್ಳಿ ಬಸ್ಸುಗಳು ಒಂಬತ್ತೂವರೆಯಿಂದ ಹತ್ತರೊಳಗೆ ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಇಳಿದ ಮಂದಿ ನೇರ ಚೀಟಿ ಮಾಡಿಸುವಲ್ಲಿಗೆ. ಅಲ್ಲಿಂದ ಡಾಕ್ಟರ್ ಕೋಣೆ, ಅಲ್ಲಿಂದ ಲ್ಯಾಬ್, ರಿಪೋರ್ಟ್ ಹಿಡಿದು ಮತ್ತೆ ಡಾಕ್ಟರ್, ಕೊನೆಗೆ ನನ್ನ ಕಿಟಕಿ. ಹನ್ನೆರಡೂವರೆ ಹೊತ್ತಿಗೆ ನನ್ನ ಮುಂದೆ ಗಂಡಸರ ಪಾಳಿ ಒಂದು, ಹೆಂಗಸರದು ಒಂದು, ಹಿರಿಯರು ಅಂತ ಮಗ್ಗುಲಿನಿಂದ ಕೈ ಹಾಕುವವರದು ಮೂರನೆಯದು. ಜಾಲರಿಯೊಳಗೆ ಒಮ್ಮೆಗೇ ನಾಲ್ಕು ಕೈ, ನಾಲ್ಕು ಚೀಟಿ. "ಬಾಯಾರ, ನಂದು ಬಿಪಿ ಗುಳಿಗಿ ಅಷ್ಟ ಐತ್ರಿ, ಒಂದ್ ಗಂಟೆ ಬಸ್ ಹೋಗತೈತ್ರಿ."

ಅವರ ಚೀಟಿ ನೋಡಿದರೆ ಅಮ್ಲೋಡಿಪಿನ್ 5, ಮೆಟ್‌ಫಾರ್ಮಿನ್ 500, ಅಷ್ಟೇ. ಅದಕ್ಕಾಗಿ ಮುಂಜಾನೆಯಿಂದ ನಿಂತಿದ್ದಾರೆ.

ಬೈಗುಳ ತಿನ್ನುವುದು ನಾನು. ಯಾಕಂದ್ರೆ ಕೊನೆಯ ಕಿಟಕಿ ನನ್ನದು. ಎಲ್ಲಿ ತಡವಾದರೂ ಸಿಟ್ಟು ಬಂದು ಬೀಳುವುದು ಇಲ್ಲೇ. ಮೀಟಿಂಗಿನಲ್ಲಿ ಪ್ರತಿ ಸಲ ಒಂದೇ ಮಾತು: ಇನ್ನೊಂದು ಕಿಟಕಿ ತೆಗೀಬೇಕು, ಇನ್ನೊಬ್ಬ ಸಿಬ್ಬಂದಿ ಬೇಕು. ಪತ್ರ ಮೇಲಕ್ಕೆ ಹೋಗುತ್ತದೆ. ಮೇಲೆಯೇ ಇರುತ್ತದೆ.

ಇತ್ತೀಚೆಗೆ ಸಮುದಾಯ ವೈದ್ಯಕೀಯ ಓದಿದ ಒಬ್ಬ ಯುವ ಡಾಕ್ಟರ್ ಬಂದಿದ್ದಾರೆ. "ಮೇಡಂ, ಇದಕ್ಕೆ ಆಪರೇಷನಲ್ ರಿಸರ್ಚ್ ಮಾಡಬಹುದು" ಅಂದರು. ಅಂದವರು ಅಂದು ಹೆರಿಗೆ ವಾರ್ಡಿಗೆ ಓಡಿದರು. ನಾನು ಹುಡುಕಿದೆ. ಒಂದು ಕಡೆ ಬರೀ ಸಮೀಕರಣ, ಇನ್ನೊಂದು ಕಡೆ ಬರೀ ಕ್ಷಯರೋಗದ ಲೇಖನಗಳು. ಎರಡೂ ಒಂದೇನಾ? ನನ್ನ ಹತ್ತಿರ ಇರುವುದು ಒಂದು ರಜಿಸ್ಟರ್, ಒಂದು ಗೋಡೆ ಗಡಿಯಾರ, ಔಷಧಿ ದಾಸ್ತಾನಿನ ಲೆಕ್ಕ ಇಡುವ ಇ-ಔಷಧದ ಕಂಪ್ಯೂಟರ್. ನನ್ನಂಥವಳು ಇದನ್ನು ಮಾಡಬಹುದಾ? ಮೊದಲು ಏನು ಹಿಡಿಯಬೇಕು? ದಯವಿಟ್ಟು "ಆಡಳಿತಕ್ಕೆ ಮನವಿ ಕೊಡಿ" ಅಂತ ಮಾತ್ರ ಬರೆಯಬೇಡಿ.

ಲೆಕ್ಕದ_ಮೇಷ್ಟ್ರು (ಧಾರವಾಡ) ಉತ್ತರ:

ನಾನು ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಈಗ ಮಂಡಿನೋವಿಗೆ ಆಸ್ಪತ್ರೆ ಪಾಳಿಯಲ್ಲಿ ನಿಲ್ಲುವವನು. ಹಾಗಾಗಿ ಎರಡೂ ಕಡೆಯಿಂದ ಹೇಳಬಲ್ಲೆ.

ನೀವು ನೋಡಿದ ಎರಡಕ್ಕೂ ಬೇರು ಒಂದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸೈನ್ಯ ಒಂದಷ್ಟು ವಿಜ್ಞಾನಿಗಳನ್ನು ಕರೆಸಿ, ಹೊಸ ಆಯುಧ ಬೇಡ, ಇರುವುದನ್ನೇ ಚೆನ್ನಾಗಿ ಬಳಸುವುದು ಹೇಗೆ ಹೇಳಿ ಎಂದಿತು. ಅದೇ ಆಪರೇಷನಲ್ ರಿಸರ್ಚ್. ಭೌತವಿಜ್ಞಾನಿ ಬ್ಲಾಕೆಟ್ ಅವರಲ್ಲಿ ಮುಖ್ಯ. ಹಡಗುಗಳನ್ನು ಸಣ್ಣ ಸಣ್ಣ ಗುಂಪಾಗಿ ಕಳಿಸುವುದಕ್ಕಿಂತ ದೊಡ್ಡ ಗುಂಪಾಗಿ ಕಳಿಸಿದರೆ ಮುಳುಗುವ ಪಾಲು ಕಡಿಮೆ ಅಂತ ಅವರ ತಂಡ ಲೆಕ್ಕದಿಂದ ತೋರಿಸಿತು. ನಿಮ್ಮ ಪ್ರಶ್ನೆಯೂ ಅದೇ ಜಾತಿಯದು. ಹೊಸ ಹುದ್ದೆ ಬರುವವರೆಗೆ ಇರುವ ಕಿಟಕಿಯಿಂದ ಏನು ಮಾಡಬಹುದು?

ಮೊದಲ ಕೆಲಸ ಗಡಿಯಾರದ್ದು. ಚೀಟಿಯ ಹಿಂಬದಿ ನಾಲ್ಕು ಗೆರೆ ಹಾಕಿಸಿ: ಚೀಟಿ ಮಾಡಿಸಿದ್ದು, ಡಾಕ್ಟರ್ ನೋಡಿದ್ದು, ಲ್ಯಾಬಿನಿಂದ ಬಂದದ್ದು, ಔಷಧಿ ಸಿಕ್ಕಿದ್ದು. ಪ್ರತಿ ಕಡೆ ಗಂಟೆ-ನಿಮಿಷ ಮಾತ್ರ. ಹೆಸರು ಬೇಡ, ರೋಗ ಬೇಡ. ಎಲ್ಲರದೂ ಬೇಡ, ಐದು ಚೀಟಿಗೆ ಒಂದು ಸಾಕು. ಆದರೆ ಸಂತೆ ದಿನವೂ ಇರಲಿ, ಬೇರೆ ದಿನವೂ ಇರಲಿ.

ಇನ್ನೊಂದು ಸುಲಭ ಲೆಕ್ಕ ಇದೆ. 1961ರಲ್ಲಿ ಜಾನ್ ಲಿಟಲ್ ಅನ್ನುವವರು ಸಾಧಿಸಿ ತೋರಿಸಿದ್ದು. ಒಳಗಿರುವ ಮಂದಿ, ಗಂಟೆಗೆ ಬರುವ ಮಂದಿ, ಇವೆರಡು ಗೊತ್ತಿದ್ದರೆ ಒಬ್ಬರು ಸರಾಸರಿ ಎಷ್ಟು ಹೊತ್ತು ಒಳಗಿರುತ್ತಾರೆ ಅಂತ ಹೇಳಬಹುದು. ಹೊರರೋಗಿ ವಿಭಾಗದಲ್ಲಿ ಆಗಾಗ ತಲೆ ಎಣಿಸಿ. ಸರಾಸರಿ 120 ಜನ ಇದ್ದಾರೆ, ಗಂಟೆಗೆ 60 ಚೀಟಿ ಆಗುತ್ತಿವೆ ಅಂದರೆ ಒಬ್ಬೊಬ್ಬರಿಗೆ 2 ಗಂಟೆ. ಅಷ್ಟೇ. ಇದಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ.

ಈಗ ನಿಮ್ಮ ಕಿಟಕಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಓದಿ, ಮೀಟಿಂಗಿನಲ್ಲಿ ಕೆಲಸಕ್ಕೆ ಬರುವುದು ಇದೇ.

ಒಂದು ಚೀಟಿಗೆ ನಿಮಗೆ 3 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಅಂದರೆ ಗಂಟೆಗೆ 20 ಚೀಟಿ ನಿಮ್ಮ ಮಿತಿ. ಗಂಟೆಗೆ 16 ಜನ ಬಂದರೆ ಒಬ್ಬರು ಪಾಳಿಯಲ್ಲಿ ಸರಾಸರಿ 12 ನಿಮಿಷ ಕಾಯುತ್ತಾರೆ. 18 ಜನ ಬಂದರೆ 27 ನಿಮಿಷ. 19 ಬಂದರೆ 57 ನಿಮಿಷ! ಜನ ಹೆಚ್ಚಿದ್ದು ಮೂರು. ಕಾಯುವುದು ಹೆಚ್ಚಿದ್ದು ಹತ್ತಿರ ಹತ್ತಿರ ಐದು ಪಟ್ಟು. ಕೋಪನ್‌ಹೇಗನ್‌ನಲ್ಲಿ ಟೆಲಿಫೋನ್ ಕಂಪನಿಗೆ ಕೆಲಸ ಮಾಡುತ್ತಿದ್ದ ಎರ್ಲಾಂಗ್ 1909ರಲ್ಲೇ ಶುರು ಮಾಡಿದ ಗಣಿತ ಇದು. ನಮ್ಮ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಕೂಡ ಹಾಗೇ ಅಲ್ವಾ? ತುಂಬುವವರೆಗೂ ಗಾಡಿ ಓಡುತ್ತವೆ, ಆಮೇಲೆ ನಾಲ್ಕು ಆಟೋ ಜಾಸ್ತಿಯಾದರೆ ಎಲ್ಲ ನಿಲ್ಲುತ್ತದೆ.

ಇದೇ ಲೆಕ್ಕವನ್ನು ಹಿಂದುಮುಂದು ಮಾಡಿ. ಗಂಟೆಗೆ 18 ಜನವೇ ಬರಲಿ, ಆದರೆ ನೀವು ಹೇಗೋ ಮಾಡಿ ಚೀಟಿಗೆ 3 ನಿಮಿಷದ ಬದಲು 2 ನಿಮಿಷ ತೆಗೆದುಕೊಂಡಿರಿ. ಕಾಯುವುದು 27ರಿಂದ 3 ನಿಮಿಷಕ್ಕೆ ಇಳಿಯುತ್ತದೆ. ಒಂದು ನಿಮಿಷ ಉಳಿಸಿ ಇಪ್ಪತ್ನಾಲ್ಕು ನಿಮಿಷ ಗಳಿಸಿದಿರಿ. ಹೊಸ ಕಿಟಕಿ ಇಲ್ಲ, ಹೊಸ ಹುದ್ದೆ ಇಲ್ಲ.

ಒಂದು ಎಚ್ಚರ. ಈ ಸೂತ್ರ ಮಂದಿ ಬಿಡಿಬಿಡಿಯಾಗಿ ಬರುತ್ತಾರೆ ಅಂತ ನಂಬುತ್ತದೆ. ನಿಮ್ಮಲ್ಲಿ ಬಸ್ಸು ತುಂಬ ಒಟ್ಟಿಗೆ ಬರುತ್ತಾರೆ. ಹಾಗಾಗಿ ನಿಜ ಇದಕ್ಕಿಂತ ಕೆಟ್ಟದಿರುತ್ತದೆ. ಆದರೆ ದಿಕ್ಕು ಇದೇ.

ಮತ್ತೆ, ಒಬ್ಬರೇ ಕೊಡುವವರಿರುವಾಗ ಮೂರು ಪಾಳಿ ಯಾಕೆ? ಒಂದೇ ಪಾಳಿ ಮಾಡಿ ಟೋಕನ್ ಕೊಡಿ. ನಡೆಯಲಾಗದವರಿಗೆ, ಬಸುರಿಯರಿಗೆ ಬೇರೆ ಬಣ್ಣದ ಟೋಕನ್. ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ವಾರ್ಡ್_ಸಿಸ್ಟರ್ (ಹುಬ್ಬಳ್ಳಿ) ಉತ್ತರ:

ಮೇಷ್ಟ್ರೇ, ಲೆಕ್ಕ ಚೆಂದ ಇದೆ. ಚೀಟಿ ಹಿಂದೆ ಟೈಮ್ ಬರೆಯುವವರು ಯಾರು?

ನಮ್ಮಲ್ಲಿ ಏನು ಸಮಸ್ಯೆ ಬಂದರೂ ಮೊದಲು ಬರುವುದು ಒಂದು ಹೊಸ ರಜಿಸ್ಟರ್. ಅದನ್ನು ತುಂಬುವುದು ಸಿಸ್ಟರ್. ಮಧ್ಯಾಹ್ನ ಕೂತು ಎಲ್ಲಾ ಟೈಮ್ ಒಂದೇ ಪೆನ್ನಿನಲ್ಲಿ ಅಂದಾಜಿಗೆ ಬರೆದರೆ ನಿಮ್ಮ ರಿಸರ್ಚ್ ಎಲ್ಲಿಗೆ ಬಂತು? ನಾನು ಕಂಡಿದ್ದನ್ನೇ ಹೇಳುತ್ತಿದ್ದೇನೆ. ಎಲ್ಲಾ ಟೈಮೂ ಸೊನ್ನೆ ಇಲ್ಲಾ ಐದರಲ್ಲೇ ಮುಗಿದಿದ್ದರೆ ಅದು ಗಡಿಯಾರ ನೋಡಿ ಬರೆದದ್ದಲ್ಲ ಅಂತ ತಿಳಿಯಿರಿ.

ಗುಳಿಗೆ ಮೇಡಂಗೆ ಎರಡು ಮಾತು. ಬರೆಯುವುದಕ್ಕೆ ನರ್ಸಿಂಗ್ ಅಥವಾ ಫಾರ್ಮಸಿ ವಿದ್ಯಾರ್ಥಿಗಳು ಯಾರಾದರೂ ತರಬೇತಿಗೆ ಬರುತ್ತಾರಾ ನೋಡಿ. ಇಬ್ಬರನ್ನು ಸ್ಟೂಲ್ ಹಾಕಿ ಕೂರಿಸಿ. ಎರಡನೆಯದು, ಶುರು ಮಾಡುವ ಮೊದಲೇ ಎಲ್ಲರಿಗೂ ಹೇಳಿ, ಇದು ಯಾರ ತಪ್ಪು ಹುಡುಕುವುದಕ್ಕಲ್ಲ ಅಂತ. ಇಲ್ಲದಿದ್ದರೆ ಲ್ಯಾಬಿನವರು ಡಾಕ್ಟರ್ ಕಡೆ ಬೆರಳು ಮಾಡುತ್ತಾರೆ, ಡಾಕ್ಟರ್ ಲ್ಯಾಬ್ ಕಡೆ. ಡಾಕ್ಟರ್ ಹತ್ತೂಕಾಲಿಗೆ ಕೂರುವುದು ಸುಮ್ನೆ ಅಲ್ಲ, ಅಷ್ಟೊತ್ತಿಗೆ ವಾರ್ಡ್ ರೌಂಡ್ಸ್ ಮುಗಿಸಿ ಬಂದಿರುತ್ತಾರೆ. ಕಾಗದದಲ್ಲಿ ಮಾತ್ರ ಅದು "ತಡ" ಅಂತ ಕಾಣುತ್ತದೆ.

ಇನ್ನು ಆಸ್ಪತ್ರೆಯಲ್ಲಿ ಅಂಟಿಸುವ ಕ್ಯೂಆರ್ ಕೋಡ್. ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು) ಮೂಲಕ ಟೋಕನ್ ತಗೊಳ್ಳುವ ವ್ಯವಸ್ಥೆ 2022ರಿಂದ ಬಂದಿದೆ. ಒಳ್ಳೆಯದೇ. ಆದರೆ ನಮ್ಮ ಮುಂದೆ ನಿಲ್ಲುವ ಅಜ್ಜಿ ಹತ್ತಿರ ಇರುವುದು ಬಟನ್ ಫೋನ್. ಅವಳಿಗೂ ಒಂದು ದಾರಿ ಇಟ್ಟುಕೊಂಡು ಲೆಕ್ಕ ಹಾಕಿ.

ಕಫದ_ಡಬ್ಬಿ (ಹಾವೇರಿ) ಉತ್ತರ:

ಕ್ಷಯರೋಗ ವಿಭಾಗದಲ್ಲಿ ಮೇಲ್ವಿಚಾರಕ. ಬೈಕಿನಲ್ಲೇ ಜೀವನ. ನೀವು ನೋಡಿದ ಆ "ಬರೀ ಕ್ಷಯರೋಗದ ಲೇಖನಗಳು" ಯಾಕೆ ಅಂತ ನಾನು ಹೇಳುತ್ತೇನೆ.

ನಮ್ಮ ದೇಶದಲ್ಲಿ ಈ ಕೆಲಸ ಗಟ್ಟಿಯಾಗಿ ಬೆಳೆದ ಜಾಗಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಒಂದು. 1959ರಲ್ಲಿ ಶುರುವಾದದ್ದು. ಆಗ ದೊಡ್ಡವರೆಲ್ಲ ಏನು ಅಂದುಕೊಂಡಿದ್ದರು ಗೊತ್ತಾ? ಹಳ್ಳಿ ಮಂದಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ಗಾಡಿ ತಗೊಂಡು ಮನೆಮನೆಗೆ ಹೋಗಬೇಕು ಅಂತ. ಅಲ್ಲಿದ್ದ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗ ಇದ್ದವರನ್ನೇ ಮಾತಾಡಿಸಿದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಕಳಿಸಿದ್ದರು. ಆ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಮಂದಿ ಬರುವುದಿಲ್ಲ ಅನ್ನುವುದು ಸಮಸ್ಯೆ ಆಗಿರಲಿಲ್ಲ. ಬಂದವರನ್ನು ನಾವು ವಾಪಸ್ ಕಳಿಸುತ್ತಿದ್ದೆವು. ಸಾಮಾನ್ಯ ಆಸ್ಪತ್ರೆಗೆ ಕೆಮ್ಮುತ್ತಾ ಬಂದವರ ಕಫವನ್ನು ಅಲ್ಲೇ ನೋಡಿ ಅನ್ನುವ ರಾಷ್ಟ್ರೀಯ ಕಾರ್ಯಕ್ರಮ ನಿಂತದ್ದು ಇಂಥ ಕೆಲಸದ ಮೇಲೆ.

ಇನ್ನೊಂದು ನಾನೇ ಕಣ್ಣಾರೆ ಕಂಡದ್ದು. ಮೊದಲು ಒಬ್ಬರಿಂದ ಮೂರು ಸಲ ಕಫ ತೆಗೆಸುತ್ತಿದ್ದೆವು. ರಾಣೆಬೆನ್ನೂರಿನ ಆಚೆ ಹಳ್ಳಿಯಿಂದ ಬಂದ ಕೂಲಿಯವನಿಗೆ ಮತ್ತೆ ನಾಳೆ ಬಾ ಅಂದರೆ ಒಂದು ದಿನದ ಪಗಾರ ಹೋಯಿತು. ಬೇರೆ ಬೇರೆ ದೇಶಗಳ ಲ್ಯಾಬ್ ರಜಿಸ್ಟರುಗಳನ್ನು ಕೂತು ನೋಡಿದರು. ಮೂರನೆಯ ಕಫದಲ್ಲಿ ಹೊಸದಾಗಿ ಸಿಗುವ ರೋಗಿಗಳು ತೀರಾ ಕಡಿಮೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ಸಾಕು ಅಂದಿತು. ನಮ್ಮಲ್ಲಿ 2009ರಲ್ಲಿ ಜಾರಿಗೆ ಬಂತು. ಲ್ಯಾಬಿನವರ ಕೆಲಸದಲ್ಲಿ ಮೂರನೇ ಒಂದು ಭಾಗ ಉಳಿಯಿತು. ಇದಕ್ಕೆ ಹೊಸ ಯಂತ್ರ ಏನೂ ಬೇಕಾಗಲಿಲ್ಲ, ಇದ್ದ ರಜಿಸ್ಟರೇ ಸಾಕಾಯಿತು.

ಅದಕ್ಕೆ ಹೇಳುತ್ತೇನೆ, ಮೇಡಂ, ಸಿಸ್ಟರ್ ಹೇಳಿದ ಹೊಸ ರಜಿಸ್ಟರಿಗಿಂತ ಮೊದಲು ಹಳೆಯದನ್ನು ತೆಗೆಯಿರಿ. ನಿಮ್ಮ ಕಿಟಕಿಗೆ ಬರುವ ಚೀಟಿಗಳಲ್ಲಿ ಎಷ್ಟು ಅದೇ ಬಿಪಿ, ಅದೇ ಶುಗರ್ ಗುಳಿಗೆ? ಒಂದು ಸಲಕ್ಕೆ ಎಷ್ಟು ದಿನದ್ದು ಕೊಡುತ್ತಿದ್ದೀರಿ? ನನ್ನ ಅನುಮಾನ ಅಲ್ಲಿದೆ.

ಅನುಮತಿ ವಿಚಾರ. ನಿಮ್ಮ ಆಸ್ಪತ್ರೆ ಸುಧಾರಣೆಗೆ ಮಾತ್ರ ಅಂದರೆ ಮುಖ್ಯ ವೈದ್ಯಾಧಿಕಾರಿಯ ಸಹಿ ಇಟ್ಟುಕೊಳ್ಳಿ. ವೈದ್ಯಕೀಯ ಪತ್ರಿಕೆಗೆ ಕಳಿಸುವ ಆಸೆ ಇದ್ದರೆ ಮೊದಲೇ ನೈತಿಕ ಸಮಿತಿ ಮುಂದೆ ಇಡಿ. ಮಾಡಿ ಮುಗಿಸಿದ ಮೇಲೆ ಕೇಳಿದರೆ ಕೊಡುವುದಿಲ್ಲ. ಸಮುದಾಯ ವೈದ್ಯಕೀಯ ವಿಭಾಗ ಇರುವ ಮೆಡಿಕಲ್ ಕಾಲೇಜು ಈಗ ಗದಗದಲ್ಲೂ ಇದೆ, ಹಾವೇರಿಯಲ್ಲೂ ಇದೆ. ನಿಮ್ಮ ಯುವ ಡಾಕ್ಟರನ್ನು ಮುಂದೆ ಮಾಡಿಕೊಂಡು ಹೋಗಿ. 2009ರಲ್ಲಿ ಶುರುವಾದ 'ಸಾರ್ಟ್ ಇಟ್' ಅನ್ನುವ ಅಂತರರಾಷ್ಟ್ರೀಯ ತರಬೇತಿಯೂ ಇದೆ. ಅಲ್ಲಿ ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಸದಿದ್ದರೆ ಮುಂದಿನ ಹಂತಕ್ಕೆ ಬಿಡುವುದಿಲ್ಲ. ಅದು ಡಾಕ್ಟರಿಗೆ ಇರಲಿ, ನೀವು ಮೊದಲು ಚೀಟಿ ಎಣಿಸಿ.

ಗುಳಿಗೆ_ಕಿಟಕಿ (ಗದಗ ಜಿಲ್ಲೆ) ಮತ್ತೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ದಿನ ಸುಮ್ಮನಿದ್ದದ್ದು ಎಣಿಸುತ್ತಿದ್ದೆ ಅಂತ.

ಹಾವೇರಿ ಸರ್ ಅನುಮಾನ ನಿಜ. ಸಂತೆ ದಿನದ ಕಟ್ಟು ಬಿಚ್ಚಿ ಚೀಟಿಗಳನ್ನು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದೆ. ಜ್ವರ, ಕೆಮ್ಮು, ಗಾಯ ಒಂದು ಕಡೆ. ಅದೇ ಗುಳಿಗೆ ತಗೊಳ್ಳಲು ಬಂದವರದು ಇನ್ನೊಂದು ಕಡೆ. ಎರಡನೇ ಗುಡ್ಡೆ ದೊಡ್ಡದಾಯಿತು. ಡಾಕ್ಟರಿಗೂ ಕರೆದು ತೋರಿಸಿದೆ. ಅವರಲ್ಲಿ ಬಹಳ ಮಂದಿಗೆ ನಾವು ಹತ್ತು ದಿನದ್ದು ಕೊಡುತ್ತಿದ್ದೇವೆ. ಅಂದರೆ ಒಬ್ಬ ಮನುಷ್ಯ ತಿಂಗಳಿಗೆ ಮೂರು ಸಲ ಪಾಳಿಯಲ್ಲಿ ನಿಲ್ಲುತ್ತಾನೆ. ಪ್ರತಿ ಸಲ ಚೀಟಿ, ಡಾಕ್ಟರ್, ನನ್ನ ಕಿಟಕಿ.

ಹತ್ತು ದಿನ ಯಾಕೆ ಅಂತ ಕೇಳಿದರೆ ಸ್ಟೋರಿನವರ ಉತ್ತರ: "ತಿಂಗಳದ್ದು ಕೊಟ್ಟರೆ ಸ್ಟಾಕ್ ಖಾಲಿ ಆಗತೈತಿ." ನಾನೂ ಅದನ್ನೇ ನಂಬಿದ್ದೆನಲ್ಲ ಅಂತ ಕೂತು ಯೋಚಿಸಿದೆ. ಒಬ್ಬರು ದಿನಕ್ಕೆ ಒಂದು ಗುಳಿಗೆ ನುಂಗುತ್ತಾರೆ. ಹತ್ತತ್ತು ಮೂರು ಸಲ ಕೊಟ್ಟರೂ 30, ಒಮ್ಮೆಗೇ ಕೊಟ್ಟರೂ 30. ವರ್ಷದ ಖರ್ಚು ಜಾಸ್ತಿ ಆಗುವುದಿಲ್ಲ. ಶುರುವಿನಲ್ಲಿ ಒಂದು ಸಲ ಮಾತ್ರ ಕಪಾಟು ಖಾಲಿ ಆಗುತ್ತದೆ. ಅದಕ್ಕೆ ಒಂದು ಇಂಡೆಂಟ್ (ಬೇಡಿಕೆ ಪಟ್ಟಿ) ಹೆಚ್ಚು ಹಾಕಿ, ಎಲ್ಲರನ್ನೂ ಒಂದೇ ವಾರ ಬದಲಿಸದೆ ಹಳ್ಳಿ ಹಳ್ಳಿಯಾಗಿ ಬದಲಿಸಿದರೆ ನಡೆಯುತ್ತದೆ. ಡಾಕ್ಟರ್ ಹೇಳಿದರು, 2017ರಲ್ಲಿ ಕೇರಳ, ಮಹಾರಾಷ್ಟ್ರ, ತೆಲಂಗಾಣ ಎಲ್ಲ ಸೇರಿ 5 ರಾಜ್ಯಗಳಲ್ಲಿ ಶುರುವಾದ ರಾಷ್ಟ್ರೀಯ ಬಿಪಿ ಕಾರ್ಯಕ್ರಮದಲ್ಲೂ 30 ದಿನದ್ದು ಕೊಡಿ ಅಂತಲೇ ಇದೆಯಂತೆ. ಈ ಮಾತು ಸ್ಟೋರಿನವರ ಮೇಲೆ ನನ್ನ ಲೆಕ್ಕಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಮೇಷ್ಟ್ರ ಆ ಒಂದು ನಿಮಿಷ ಎಲ್ಲಿದೆ ಅಂತಲೂ ಹುಡುಕಿದೆ. ಕತ್ತರಿಯಲ್ಲಿತ್ತು. ಮಾತ್ರೆ ಬರುವುದು ಹತ್ತರ ಪಟ್ಟಿಯಲ್ಲಿ. ಐದು ದಿನಕ್ಕೆ ದಿನಾ ಮೂರು ಅಂತ ಬರೆದರೆ ಹದಿನೈದು. ಒಂದು ಪಟ್ಟಿ ಪೂರ್ತಿ, ಇನ್ನೊಂದು ಅರ್ಧ ಕತ್ತರಿಸಬೇಕು. ಕತ್ತರಿಸಿದ ಅರ್ಧದಲ್ಲಿ ಅವಧಿ ಮುಗಿಯುವ ತಾರೀಖು ಉಳಿಯುವುದಿಲ್ಲ, ಹಾಗಾಗಿ ಅದನ್ನು ಕವರ್ ಮೇಲೆ ಬರೆಯಬೇಕು. ಈಗ ಬಿಪಿ, ಶುಗರ್ ಗುಳಿಗೆಗಳನ್ನು ಬಸ್ಸು ಬರುವ ಮೊದಲೇ ಮೂರು ಪಟ್ಟಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತೇನೆ. ಚೀಟಿ ಬಂತು, ಕಟ್ಟು ಕೊಟ್ಟೆ, ಹೇಗೆ ತಗೊಳ್ಳಬೇಕು ಅಂತ ಹೇಳಿದೆ. ಹೇಳುವುದಕ್ಕೆ ಮಾತ್ರ ಸಮಯ ಕಡಿಮೆ ಮಾಡಿಲ್ಲ. ಅದನ್ನು ಕಡಿಮೆ ಮಾಡಿದರೆ ರಾತ್ರಿ ಗುಳಿಗೆ ಮುಂಜಾನೆ ನುಂಗುತ್ತಾರೆ.

ಟೋಕನ್ ಇನ್ನೂ ಆಗಿಲ್ಲ. ರಟ್ಟಿನಲ್ಲಿ ಮಾಡಿದ್ದು ಮೊದಲ ವಾರವೇ ಅರ್ಧ ಮನೆಗೆ ಹೋದವು.

ಈಗ ಪ್ರಶ್ನೆ. ಫರಕ್ ಆಗಿದೆ ಅಂತ ನನಗೆ ಅನ್ನಿಸುತ್ತದೆ. ಅನ್ನಿಸಿದರೆ ಸಾಲದು, ತೋರಿಸಬೇಕು. ಹೇಗೆ?

ಲೆಕ್ಕದ_ಮೇಷ್ಟ್ರು (ಧಾರವಾಡ) ಉತ್ತರ:

ಶಭಾಷ್. ಕತ್ತರಿ ಹಿಡಿದಿರಲ್ಲ, ಅದು ನನ್ನ ಯಾವ ಸೂತ್ರದಲ್ಲೂ ಇಲ್ಲ.

ತೋರಿಸುವುದಕ್ಕೆ: ಸಂತೆ ದಿನವನ್ನು ಸಂತೆ ದಿನಕ್ಕೇ ಹೋಲಿಸಿ. ಹಬ್ಬ, ಬಿತ್ತನೆ ಹಂಗಾಮು ಬಂದ ವಾರ ಬಿಡಿ, ಆಗ ಮಂದಿ ತಾನಾಗಿ ಕಡಿಮೆ. ಸರಾಸರಿ ಒಂದನ್ನೇ ಕೊಡಬೇಡಿ. ಯಾರೋ ಒಬ್ಬರು ಲ್ಯಾಬ್ ರಿಪೋರ್ಟಿಗೆ ಅಂತ ಮೂರು ಗಂಟೆ ಕೂತಿದ್ದರೆ ಸರಾಸರಿ ಹಾಳಾಗುತ್ತದೆ. ಎಲ್ಲ ಸಮಯಗಳನ್ನೂ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ನಡುವಿನದನ್ನು ಬರೆಯಿರಿ. ಜೊತೆಗೆ ಹತ್ತರಲ್ಲಿ ಒಂಬತ್ತು ಜನ ಎಷ್ಟರೊಳಗೆ ಹೊರಬಿದ್ದರು ಅಂತ ಬರೆಯಿರಿ. ವೈದ್ಯಾಧಿಕಾರಿಗೆ ಈ ಎರಡು ಅಂಕಿ ಸಾಕು.

ಇನ್ನೊಂದನ್ನು ಕಡ್ಡಾಯವಾಗಿ ಅಳೆಯಿರಿ. ತಿಂಗಳದ್ದು ಒಟ್ಟಿಗೆ ಕೊಟ್ಟ ಮೇಲೆ ಅವರು ಮುಂದಿನ ತಿಂಗಳು ವಾಪಸ್ ಬರುತ್ತಾರಾ? ಬಿಪಿ ಹಿಡಿತದಲ್ಲಿದೆಯಾ? ಪಾಳಿ ಕರಗಿತು, ಆದರೆ ಮಂದಿ ಗುಳಿಗೆಯನ್ನೇ ಬಿಟ್ಟರು ಅಂತಾದರೆ ಅದು ಸುಧಾರಣೆ ಅಲ್ಲ. ತಪ್ಪು ಔಷಧಿ ಹೋದದ್ದು ಎಷ್ಟು ಅನ್ನುವುದನ್ನೂ ಬೇರೆ ಕಾಲಂ ಮಾಡಿ, ಸೊನ್ನೆ ಇದ್ದರೂ ಬರೆಯಿರಿ.

ನಿಮ್ಮ ಡಾಕ್ಟರಿಗೆ ಒಂದು ಮಾತು ತಿಳಿಸಿ. 1952ರಲ್ಲಿ ಇಂಗ್ಲೆಂಡಿನಲ್ಲಿ ಬೇಯ್ಲಿ ಮತ್ತು ವೆಲ್ಚ್ ಹೊರರೋಗಿಗಳಿಗೆ ಸಮಯ ಕೊಡುವುದು ಹೇಗೆ ಅಂತ ಲೆಕ್ಕ ಹಾಕಿದ್ದರು. ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರನ್ನು ನೋಡಲು ಬೇಕಾಗುವಷ್ಟು ಅಂತರಕ್ಕೆ ಒಬ್ಬೊಬ್ಬರನ್ನು, ಡಾಕ್ಟರೂ ಖಾಲಿ ಕೂರುವುದಿಲ್ಲ, ರೋಗಿಯೂ ಜಾಸ್ತಿ ಕಾಯುವುದಿಲ್ಲ ಅಂತ. ನಿಮ್ಮಲ್ಲಿ ಗಂಟೆಗೆ ತಕ್ಕ ಸಮಯ ಕೊಡುವುದು ಆಗದ ಮಾತು, ಬಸ್ಸು ನಮ್ಮ ಮಾತು ಕೇಳುವುದಿಲ್ಲ. ಆದರೆ ತಿಂಗಳ ಗುಳಿಗೆಯವರಿಗೆ ದಿನ ಕೊಡಬಹುದು. ಈ ಹಳ್ಳಿಗಳು ಸೋಮವಾರ, ಆ ಹಳ್ಳಿಗಳು ಗುರುವಾರ. ಸಂತೆ ದಿನ ಬಿಟ್ಟು.

ವಾರ್ಡ್_ಸಿಸ್ಟರ್ (ಹುಬ್ಬಳ್ಳಿ) ಉತ್ತರ:

ಸಂತೆ ದಿನ ಬಿಟ್ಟು ಅಂದರೆ ಬರುವುದಿಲ್ಲ ಮೇಷ್ಟ್ರೇ. ಸಂತೆಗೆ ಅಂತ ಬಂದವರೇ ಆಸ್ಪತ್ರೆಗೂ ಬಂದು ಹೋಗುವುದು. ಗುಳಿಗೆಗೆ ಅಂತಲೇ ಒಂದು ದಿನದ ಕೂಲಿ ಯಾರು ಬಿಡುತ್ತಾರೆ? ದಿನ ಬದಲಿಸಬೇಡಿ, ಹೊತ್ತು ಬದಲಿಸಿ. ಸಂತೆ ಮುಗಿಸಿ ಎರಡೂವರೆ ಮೇಲೆ ತಿಂಗಳ ಗುಳಿಗೆಯವರು ಬರಲಿ, ಆಗ ನಿಮ್ಮ ಕಿಟಕಿ ಖಾಲಿ ಇರುತ್ತದಲ್ವಾ?

ಗುಳಿಗೆ ಮೇಡಂ, ರಟ್ಟಿನ ಟೋಕನ್ ಬೇಡ. ಹಳೆ ಇಂಜೆಕ್ಷನ್ ಪೆಟ್ಟಿಗೆಯ ಪ್ಲಾಸ್ಟಿಕ್ ಟ್ರೇ ಕತ್ತರಿಸಿ ನಂಬರ್ ಬರೆಯಿರಿ, ಚೀಟಿ ಜೊತೆ ವಾಪಸ್ ಕೊಟ್ಟರಷ್ಟೇ ಔಷಧಿ ಅನ್ನಿ. ನಮ್ಮಲ್ಲಿ ಹಾಗೇ ಮಾಡಿದ್ದು, ಒಂದೂ ಮನೆಗೆ ಹೋಗಿಲ್ಲ.

ಗುಳಿಗೆ_ಕಿಟಕಿ (ಗದಗ ಜಿಲ್ಲೆ):

ಎರಡೂವರೆ ಒಳ್ಳೆ ಐಡಿಯಾ ಸಿಸ್ಟರ್. ಆದರೆ ಆ ಹೊತ್ತಿಗೆ ಬಿಪಿ ನೋಡುವವರು ಇರಬೇಕಲ್ಲ. ಡಾಕ್ಟರನ್ನು ಕೇಳುತ್ತೇನೆ. ಬಿಪಿ, ಶುಗರ್ ನೋಡುವ ಎನ್‌ಸಿಡಿ ಕೋಣೆಯ ಸಿಸ್ಟರ್ ಒಪ್ಪಿದರೆ ಬರುವ ಸಂತೆಯಿಂದಲೇ ಶುರು. ಟ್ರೇ ಹುಡುಕಲು ಈಗಲೇ ಹೇಳಿದ್ದೇನೆ.